ಆಟದ ಯಂತ್ರಗಳ ಅಂಗಡಿ ಚರಿತ್ರೆ



ಕಾಳುಮೆಣಸಿಗಾಗಿ 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಪಾಠವನ್ನು ನೀವೆಲ್ಲ ನನ್ನಿಂದ ಕೇಳಿದ್ದೀರಿ. ರಾಜರ ಕಾಳಗಗಳಷ್ಟೇ ಚರಿತ್ರೆಯಲ್ಲ, ಅಂಗಡಿಯವನ ಲೆಕ್ಕದ ಪುಸ್ತಕವೂ ಚರಿತ್ರೆಯೇ ಎಂದು ಆಗ ಹೇಳುತ್ತಿದ್ದೆ. ಅದೇ ಮಾತಿಗೆ ಇಂದು ಬೇರೊಂದು ಉದಾಹರಣೆಯನ್ನು ಎತ್ತಿಕೊಂಡಿದ್ದೇನೆ. ನಿಮ್ಮಲ್ಲಿ ಅನೇಕರು ಈಗ ಮಕ್ಕಳ ಒತ್ತಾಯಕ್ಕೆ ಮಣಿದು ಹತ್ತಾರು ಸಾವಿರ ರೂಪಾಯಿಗಳ ಆಟದ ಯಂತ್ರಗಳನ್ನು ಮನೆಗೆ ತರುತ್ತಿದ್ದೀರಿ. ಈ ಯಂತ್ರಗಳ ಮಾರಾಟಕ್ಕೆ ಐವತ್ತು ವರ್ಷಗಳನ್ನು ಮೀರಿದ ಇತಿಹಾಸವಿದೆ. ಏಳುಬೀಳುಗಳಲ್ಲಿ ಅದು ಯಾವ ಸಾಮ್ರಾಜ್ಯದ ಕಥೆಗೂ ಕಡಿಮೆಯಿಲ್ಲ.

ಮನೆಯ ಟೆಲಿವಿಷನ್‌ಗೆ ಜೋಡಿಸಿ ಆಡುವ ಮೊದಲ ಯಂತ್ರ 1972ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಹೆಸರು ಒಡಿಸ್ಸಿ. ಅದರ ಮೂಲ ಕಲ್ಪನೆ ರಾಲ್ಫ್ ಬೇರ್ ಎಂಬ ಇಂಜಿನಿಯರನದು. ಮಾರಿದ್ದು ಮ್ಯಾಗ್ನವಾಕ್ಸ್ ಕಂಪನಿ, ಅದೂ ತನ್ನದೇ ಮಾರಾಟಗಾರರ ಮೂಲಕ. ಹೀಗಾಗಿ ಮ್ಯಾಗ್ನವಾಕ್ಸ್ ಟೆಲಿವಿಷನ್ ಇದ್ದವರಿಗೆ ಮಾತ್ರ ಇದು ಉಪಯೋಗವೆಂದು ಅನೇಕ ಗಿರಾಕಿಗಳು ಭಾವಿಸಿದರು. ಸರಕು ಹೊಸದಾಗಿದ್ದರೂ ಅದನ್ನು ಮಾರುವ ಬಗೆ ಹಳೆಯದಾಗಿತ್ತು. ಮೂರು ವರ್ಷಗಳ ನಂತರ, 1975ರಲ್ಲಿ, ಅಟಾರಿ ಎಂಬ ಕಂಪನಿಯು ತನ್ನ ಪಾಂಗ್ ಆಟದ ಮನೆಬಳಕೆಯ ಯಂತ್ರವನ್ನು ಸಿಯರ್ಸ್ ಎಂಬ ಬೃಹತ್ ಮಳಿಗೆಗಳ ಸಂಸ್ಥೆಯ ಮೂಲಕ ಮಾರಿತು. ಕ್ರಿಸ್‌ಮಸ್ ವ್ಯಾಪಾರಕ್ಕೆಂದು ಸಿಯರ್ಸ್ ಒಂದೇ ಬಾರಿಗೆ 1,50,000 ಯಂತ್ರಗಳನ್ನು ಕೇಳಿತು. ಒಳ್ಳೆಯ ಆಟಿಕೆಯೊಂದಕ್ಕೆ ಒಳ್ಳೆಯ ಅಂಗಡಿಯೂ ಬೇಕೆಂಬ ಪಾಠ ಅಂದೇ ಸಿದ್ಧವಾಯಿತು.

ಆ ಯಂತ್ರಗಳಲ್ಲಿ ಆಟ ಒಳಗೇ ಅಡಗಿತ್ತು. ಒಂದು ಆಟ ಬೇಸರವಾದರೆ ಯಂತ್ರವೇ ಮೂಲೆ ಸೇರುತ್ತಿತ್ತು. 1976ರಲ್ಲಿ ಫೇರ್‌ಚೈಲ್ಡ್ ಕಂಪನಿಯು ಬದಲಾಯಿಸಬಹುದಾದ ಕಾರ್ಟ್ರಿಜ್‌ಗಳಲ್ಲಿ ಆಟಗಳನ್ನು ತುಂಬಿ ಮಾರಿತು. ಮರುವರ್ಷ ಅಟಾರಿಯೂ ಅದೇ ದಾರಿ ಹಿಡಿದು, ಸುಮಾರು 199 ಡಾಲರ್ ಬೆಲೆಯ ಯಂತ್ರವನ್ನು ಹೊರತಂದಿತು. ಅಂದಿನಿಂದ ಈ ವ್ಯಾಪಾರ ಎರಡು ಕವಲಾಯಿತು: ಒಂದು ಯಂತ್ರ, ಇನ್ನೊಂದು ಆಟ. ಯಂತ್ರವನ್ನು ಒಮ್ಮೆ ಕೊಂಡವನು ಆಟಗಳನ್ನು ಮತ್ತೆ ಮತ್ತೆ ಕೊಳ್ಳುತ್ತಾನೆ. ಯಂತ್ರದಲ್ಲಿ ಲಾಭ ಕಡಿಮೆಯಾದರೂ, ಕೆಲವೊಮ್ಮೆ ನಷ್ಟವೇ ಆದರೂ, ಆಟಗಳಲ್ಲಿ ಅದನ್ನು ತುಂಬಿಕೊಳ್ಳುವ ಲೆಕ್ಕಾಚಾರ ಮುಂದೆ ಬಲವಾಗಿ ಬೇರೂರಿತು. ಆಟಕ್ಕೂ ಯಂತ್ರವನ್ನು ಮಾರುವ ಶಕ್ತಿಯಿದೆಯೆಂಬುದು 1980ರಲ್ಲಿ ತಿಳಿಯಿತು. ಆ ವರ್ಷ ‘ಸ್ಪೇಸ್ ಇನ್ವೇಡರ್ಸ್’ ಅಟಾರಿ ಯಂತ್ರಕ್ಕೆ ಬಂದಾಗ, ಆ ಒಂದು ಆಟವನ್ನು ಮನೆಯಲ್ಲಿ ಆಡಬೇಕೆಂದೇ ಜನ ಯಂತ್ರವನ್ನು ಕೊಂಡರು.

ಲಾಭದ ವಾಸನೆ ಬಹುಬೇಗ ಹರಡಿತು. ತಮ್ಮ ದುಡಿಮೆಗೆ ಮನ್ನಣೆಯಿಲ್ಲವೆಂದು ಬೇಸತ್ತ ಅಟಾರಿಯ ಕೆಲವು ಪ್ರೋಗ್ರಾಮರುಗಳು ಹೊರಬಂದು 1979ರಲ್ಲಿ ಆಕ್ಟಿವಿಷನ್ ಎಂಬ ಸಂಸ್ಥೆಯನ್ನು ಕಟ್ಟಿ, ಅಟಾರಿ ಯಂತ್ರಕ್ಕೆ ತಾವೇ ಆಟಗಳನ್ನು ಮಾರತೊಡಗಿದರು. ಅವರ ಆಟಗಳೇನೋ ಚೆನ್ನಾಗಿದ್ದವು. ಆದರೆ ಬಾಗಿಲು ತೆರೆದ ಮೇಲೆ ಯಾರು ಬೇಕಾದರೂ ಒಳಬರಬಹುದಲ್ಲವೇ? 1982ರ ಹೊತ್ತಿಗೆ ಓಟ್ಸ್ ಮಾರುವ ಕ್ವೇಕರ್ ಓಟ್ಸ್ ಕಂಪನಿಯೂ ಆಟಗಳನ್ನು ತಯಾರಿಸತೊಡಗಿತು. 1983ರಲ್ಲಿ ನಾಯಿಯ ಆಹಾರವೊಂದರ ಪ್ರಚಾರಕ್ಕೂ ಒಂದು ಆಟ ಬಂದಿತು!

ಅಂಗಡಿಯವರ ಸ್ಥಿತಿಯನ್ನು ಈಗ ಗಮನಿಸಬೇಕು. ಬೇಡಿಕೆಯ ಕಾಲದಲ್ಲಿ ಕೇಳಿದಷ್ಟು ಸರಕು ಬರುತ್ತಿರಲಿಲ್ಲ. ನೂರು ಬೇಕಾದರೆ ಇನ್ನೂರು ಕೇಳು, ನೂರಾದರೂ ಬಂದೀತು ಎಂಬ ಜಾಣತನವನ್ನು ವ್ಯಾಪಾರಿಗಳು ಕಲಿತರು. 1981ರ ಕೊನೆಯಲ್ಲಿ ಅಟಾರಿಯು ಇಡೀ 1982ಕ್ಕೆ ಬೇಕಾದ ಸರಕನ್ನು ಮುಂಚಿತವಾಗಿ ಹೇಳಿಬಿಡಿರೆಂದು ಸಗಟು ವ್ಯಾಪಾರಿಗಳನ್ನು ಕೇಳಿದಾಗ ಅವರು ಅದೇ ರೀತಿ ಉಬ್ಬಿಸಿ ಬರೆದರು. ಆ ಉಬ್ಬಿದ ಅಂಕಿಯನ್ನೇ ನಿಜವಾದ ಬೇಡಿಕೆಯೆಂದು ನಂಬಿ ಕಾರ್ಖಾನೆಗಳು ಓಡಿದವು. ಕೋಲಾರದ ಕಡೆ ಒಂದು ವರ್ಷ ಟೊಮೆಟೊಗೆ ಬೆಲೆ ಬಂದರೆ ಮರುವರ್ಷ ಎಲ್ಲರೂ ಟೊಮೆಟೊವನ್ನೇ ಹಾಕಿ, ಕಡೆಗೆ ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿಯುವುದನ್ನು ನಾವು ಕಂಡಿಲ್ಲವೇ? ಇಲ್ಲಿಯೂ ನಡೆದದ್ದು ಅದೇ.

ಅವಸರದಲ್ಲಿ ತಯಾರಾದ ‘ಪ್ಯಾಕ್‌ಮನ್’ 1982ರಲ್ಲಿ ಲಕ್ಷಾಂತರ ಮಾರಾಟವಾದರೂ ಕೊಂಡವರಿಗೆ ನಿರಾಸೆ ತಂದಿತು. ಅದೇ ವರ್ಷದ ಕ್ರಿಸ್‌ಮಸ್‌ಗೆ, ಜನಪ್ರಿಯ ಚಲನಚಿತ್ರವನ್ನು ಆಧರಿಸಿದ ‘ಇ.ಟಿ.’ ಎಂಬ ಆಟವನ್ನು ಹೊವಾರ್ಡ್ ಸ್ಕಾಟ್ ವಾರ್ಷಾ ಎಂಬಾತ ಸುಮಾರು ಐದೇ ವಾರಗಳಲ್ಲಿ ಒಬ್ಬನೇ ಬರೆದು ಮುಗಿಸಬೇಕಾಯಿತು. ಕಾರ್ಟ್ರಿಜ್‌ಗಳನ್ನು ದಶಲಕ್ಷಗಳ ಲೆಕ್ಕದಲ್ಲಿ ತಯಾರಿಸಿದರು. ಬಹುಪಾಲು ಮಾರಾಟವಾಗದೆ ಉಳಿಯಿತು. 1982ರ ಡಿಸೆಂಬರ್ 7ರಂದು, ಅಟಾರಿಯ ಮಾರಾಟ ನಿರೀಕ್ಷೆಯಷ್ಟಿಲ್ಲವೆಂದು ಅದರ ಒಡೆತನದ ವಾರ್ನರ್ ಸಂಸ್ಥೆ ಒಪ್ಪಿಕೊಂಡಿತು. ಮರುದಿನ ವಾರ್ನರ್ ಷೇರಿನ ಬೆಲೆ ಸುಮಾರು ಮೂರರಲ್ಲೊಂದು ಪಾಲು ಇಳಿದುಹೋಯಿತು.

ನಮ್ಮೂರ ಪುಸ್ತಕದಂಗಡಿಯವರು ಪರೀಕ್ಷೆ ಮುಗಿದ ಮೇಲೆ ಉಳಿದ ಗೈಡುಗಳನ್ನು ಪ್ರಕಾಶಕರಿಗೆ ವಾಪಸ್ಸು ಕಳಿಸುವುದನ್ನು ನೀವು ನೋಡಿರಬಹುದು. ಅಮೆರಿಕದ ಅಂಗಡಿಗಳೂ ಉಳಿದ ಕಾರ್ಟ್ರಿಜ್‌ಗಳನ್ನು ಹಾಗೆಯೇ ಮರಳಿಸಹೊರಟವು. ಆದರೆ ಸಣ್ಣ ಕಂಪನಿಗಳ ಬಳಿ ಹಿಂದಿರುಗಿಸಲು ಹಣವೂ ಇರಲಿಲ್ಲ, ಬದಲಿಗೆ ಕೊಡಲು ಹೊಸ ಆಟವೂ ಇರಲಿಲ್ಲ. ಕೆಲವು ಬಾಗಿಲು ಮುಚ್ಚಿದವು. ಅಂಗಡಿಯವರು ಮೂವತ್ತಕ್ಕೂ ಹೆಚ್ಚು ಡಾಲರ್ ಬೆಲೆಯ ಆಟಗಳನ್ನು ಬುಟ್ಟಿಗೆ ಸುರಿದು ಐದು ಡಾಲರಿಗೆ ಮಾರಿದರು. ಐದು ಡಾಲರಿಗೆ ಆಟ ಸಿಗುವಾಗ ಮೂವತ್ತು ಡಾಲರಿನ ಒಳ್ಳೆಯ ಆಟವನ್ನು ಯಾವ ತಂದೆ ಕೊಡಿಸಿಯಾನು? ಕೆಟ್ಟ ಸರಕು ಹೀಗೆ ಒಳ್ಳೆಯ ಸರಕನ್ನೂ ತಿಂದುಹಾಕಿತು. ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜಿನಂತೆ, 1983ರಲ್ಲಿ ಸುಮಾರು 320 ಕೋಟಿ ಡಾಲರುಗಳಷ್ಟಿದ್ದ ಅಮೆರಿಕದ ಈ ವ್ಯಾಪಾರ 1985ರ ಹೊತ್ತಿಗೆ ಸುಮಾರು 10 ಕೋಟಿಗೆ ಕುಸಿದಿತ್ತು.

ಇಂತಹ ಅಂಕಿಗಳ ಹಿಂದೆ ಮನುಷ್ಯರಿರುತ್ತಾರೆ. 1983ರ ಆರಂಭದಲ್ಲಿ ಅಟಾರಿಯು ತಯಾರಿಕೆಯನ್ನು ಹಾಂಗ್‌ಕಾಂಗ್ ಮತ್ತು ತೈವಾನ್‌ಗಳಿಗೆ ಸಾಗಿಸುವುದಾಗಿ ಹೇಳಿದಾಗ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 1,700 ಮಂದಿ ಕೆಲಸ ಕಳೆದುಕೊಂಡರು. ಉಬ್ಬಿಸಿದ ಅಂಕಿ ಬರೆದವರು ಯಾರೋ, ಸಂಬಳ ಕಳೆದುಕೊಂಡವರು ಇನ್ನಾರೋ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಾರಾಟವಾಗದ ಸರಕನ್ನು ಲಾರಿಗಳಲ್ಲಿ ಸಾಗಿಸಿ ನ್ಯೂ ಮೆಕ್ಸಿಕೋದ ಅಲಮೊಗೋರ್ಡೋ ಊರಿನ ಕಸದ ಗುಂಡಿಯಲ್ಲಿ ಹೂಳಲಾಯಿತು. ಬಹುಕಾಲ ದಂತಕಥೆಯೆಂದು ಅನೇಕರು ತಳ್ಳಿಹಾಕಿದ್ದ ಆ ಸಂಗತಿಯನ್ನು 2014ರ ಏಪ್ರಿಲ್‌ನಲ್ಲಿ ಗುಂಡಿ ಅಗೆದು ದೃಢಪಡಿಸಿದರು. ಹಂಪೆಯ ಉತ್ಖನನದ ಪಾಠ ಕೇಳಿದ ನೀವು ಇಂತಹದೊಂದು ಉತ್ಖನನವೂ ಉಂಟೆಂದು ತಿಳಿದಿರಿ. ಅಲ್ಲಿ ಸಿಕ್ಕ ‘ಇ.ಟಿ.’ ಕಾರ್ಟ್ರಿಜ್ ಒಂದು ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯವನ್ನು ಸೇರಿದೆ.

ಜಪಾನಿನಲ್ಲಿ ಈ ಕುಸಿತವಿರಲಿಲ್ಲ. ಅಲ್ಲಿ 1983ರ ಜುಲೈ 15ರಂದು ನಿಂಟೆಂಡೊ ತನ್ನ ಫ್ಯಾಮಿಕಾಮ್ ಯಂತ್ರವನ್ನು 14,800 ಯೆನ್ ಬೆಲೆಗೆ ಬಿಡುಗಡೆ ಮಾಡಿತ್ತು. ಅದನ್ನು ಅಮೆರಿಕಕ್ಕೆ ಒಯ್ದಾಗ ಎದುರಾದ ದೊಡ್ಡ ಅಡ್ಡಿಯೆಂದರೆ, ವಿಡಿಯೋ ಗೇಮ್ ಎಂಬ ಹೆಸರು ಕೇಳಿದರೇ ಅಂಗಡಿಯವರು ಮುಖ ತಿರುಗಿಸುತ್ತಿದ್ದುದು. ನಿಂಟೆಂಡೊ ಆ ಪದವನ್ನೇ ಬಿಟ್ಟು ‘ಎಂಟರ್‌ಟೈನ್‌ಮೆಂಟ್ ಸಿಸ್ಟಮ್’ ಎಂದು ಹೆಸರಿಟ್ಟಿತು, ಯಂತ್ರಕ್ಕೆ ವಿ.ಸಿ.ಆರ್.ನ ರೂಪ ಕೊಟ್ಟು, ಜೊತೆಗೊಂದು ಪುಟ್ಟ ರೋಬೋಟ್ ಇಟ್ಟು ಆಟಿಕೆಯೆಂದು ಮಾರಿತು. 1985ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ನಗರದಲ್ಲಿ ಪ್ರಯೋಗ ಆರಂಭವಾಯಿತು. ಮಾರಾಟವಾದುದಕ್ಕೆ ಮಾತ್ರ ಹಣ ಕೊಡಿ, ಉಳಿದದ್ದನ್ನು ನಾವೇ ಹಿಂದಕ್ಕೆ ಪಡೆಯುತ್ತೇವೆ ಎಂಬುದು ಅಂಗಡಿಗಳಿಗೆ ಕೊಟ್ಟ ಭರವಸೆ. ಹೋದ ನಂಬಿಕೆಯನ್ನು ಗಳಿಸಲು ನಷ್ಟದ ಹೊರೆಯನ್ನು ತಾನೇ ಹೊರಲು ಸಿದ್ಧವಾದದ್ದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ.

ಜೊತೆಗೆ ಬಿಗಿಯಾದ ಕಟ್ಟುಪಾಡುಗಳೂ ಬಂದವು. ಯಂತ್ರದೊಳಗೆ ಬೀಗದಂತಹ ಒಂದು ಚಿಪ್ಪು. ನಿಂಟೆಂಡೊದ ಅನುಮತಿಯಿಲ್ಲದ ಆಟ ಅದರಲ್ಲಿ ನಡೆಯದು. ಹೊರಗಿನ ಕಂಪನಿಯೊಂದು ವರ್ಷಕ್ಕೆ ಐದೇ ಆಟಗಳನ್ನು ತರಬಹುದು. ಕಾರ್ಟ್ರಿಜ್ ತಯಾರಿಸುವುದೂ ನಿಂಟೆಂಡೊವೇ. ಸರಕು ಮಿತವಾಯಿತು, ಬೆಲೆ ನಿಂತಿತು. 1990ರ ಹೊತ್ತಿಗೆ ಅಮೆರಿಕದ ಸುಮಾರು ಶೇ. 30ರಷ್ಟು ಮನೆಗಳಲ್ಲಿ ಆ ಯಂತ್ರವಿತ್ತು.

ಆದರೆ ಕಾವಲುಗಾರನ ಕೈಯಲ್ಲಿ ಕೀಲಿಕೈ ಬಹುಕಾಲ ಉಳಿದರೆ ಅವನು ಯಜಮಾನನಾಗುತ್ತಾನೆ. ಯಂತ್ರವನ್ನು ಕಡಿಮೆ ಬೆಲೆಗೆ ಮಾರಿದ ಅಂಗಡಿಗಳಿಗೆ ಒತ್ತಡ ಹೇರಿತೆಂಬ ಆರೋಪ ನಿಂಟೆಂಡೊದ ಮೇಲೆ ಬಂದಿತು. 1991ರಲ್ಲಿ ಕಂಪನಿಯು ತಪ್ಪನ್ನು ಒಪ್ಪಿಕೊಳ್ಳದೆಯೇ ಸರ್ಕಾರದೊಡನೆ ರಾಜಿಯಾಗಿ, ಗಿರಾಕಿಗಳಿಗೆ ಐದು ಡಾಲರುಗಳ ಕೂಪನ್ ಕೊಡಲು ಒಪ್ಪಿತು. ಹಂಗಿಲ್ಲದ ಮಾರುಕಟ್ಟೆ ಒಮ್ಮೆ ಗಿರಾಕಿಯ ಜೇಬು ಕತ್ತರಿಸಿದರೆ, ಬಿಗಿಮುಷ್ಟಿಯ ಮಾರುಕಟ್ಟೆ ಇನ್ನೊಮ್ಮೆ ಕತ್ತರಿಸುತ್ತದೆ.

ನಮ್ಮ ಕಡೆಗೆ ಈ ಅಲೆ ತಲುಪಿದ್ದು ಮುಖ್ಯವಾಗಿ 1990ರ ದಶಕದಲ್ಲಿ, ಅದೂ ಬಹುಮಟ್ಟಿಗೆ ಫ್ಯಾಮಿಕಾಮ್‌ನ ನಕಲಾಗಿ. ಟಿ.ವಿ. ಅಂಗಡಿಗಳಲ್ಲಿ ಮಾರುತ್ತಿದ್ದ ಆ ಯಂತ್ರಗಳನ್ನು ನೀವು ‘ಟಿ.ವಿ. ಗೇಮ್’ ಎನ್ನುತ್ತಿದ್ದಿರಿ. ಕಾರ್ಟ್ರಿಜ್ ಮೇಲೆ ಸಾವಿರಾರು ಆಟಗಳೆಂದು ಬರೆದಿದ್ದರೂ ಒಳಗಿದ್ದದ್ದು ಬೆರಳೆಣಿಕೆಯಷ್ಟು; ಅವೇ ಮತ್ತೆ ಮತ್ತೆ ಬರುತ್ತಿದ್ದವು. ಬೇಸಗೆ ರಜೆ ಮುಗಿಸಿ ಬಂದವರು ಆ ಮಾರಿಯೋನ ಸಾಹಸಗಳನ್ನು ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಪಿಸುಗುಟ್ಟುತ್ತಿದ್ದುದು ನನಗೆ ಕೇಳಿಸುತ್ತಿತ್ತು!

ಅಂಗಡಿಯವರ ವಿಶ್ವಾಸ ಎಷ್ಟು ಮುಖ್ಯವೆಂಬುದಕ್ಕೆ 1995ರ ಒಂದು ಪ್ರಸಂಗ ಸಾಕು. ಸೆಗಾ ಕಂಪನಿಯು ತನ್ನ ಸ್ಯಾಟರ್ನ್ ಯಂತ್ರವನ್ನು ಅಮೆರಿಕದಲ್ಲಿ ಹೇಳಿದ್ದಕ್ಕಿಂತ ತಿಂಗಳುಗಳ ಮೊದಲೇ, ಆಯ್ದ ಕೆಲವು ಮಳಿಗೆಗಳಿಗೆ ಮಾತ್ರ ಕೊಟ್ಟಿತು. ಕೈಬಿಟ್ಟುಹೋದ ವ್ಯಾಪಾರಿಗಳು ಸಿಟ್ಟಾದರು; ಕೆ.ಬಿ. ಟಾಯ್ಸ್ ಅದನ್ನು ಮಾರಲು ನಿರಾಕರಿಸಿತು. ಸೆಗಾ 399 ಡಾಲರ್ ಕೇಳಿದರೆ, ಸೋನಿ ತನ್ನ ಪ್ಲೇಸ್ಟೇಷನ್‌ಗೆ 299 ಡಾಲರ್ ಎಂದಿತು. ಸೋನಿಯ ಆಟಗಳು ಸಿ.ಡಿ.ಯಲ್ಲಿದ್ದವು. ಕಾರ್ಟ್ರಿಜ್‌ಗಿಂತ ಸಿ.ಡಿ. ಅಗ್ಗ, ಬೇಗ ತಯಾರಾಗುವಂಥದು; ಮಾರಾಟ ನೋಡಿಕೊಂಡು ಮತ್ತೆ ತರಿಸಬಹುದು. 1982ರ ದಾಸ್ತಾನಿನ ಭೂತಕ್ಕೆ ಅದು ತಕ್ಕ ಮದ್ದಾಯಿತು. 2001ರಲ್ಲಿ ಸೆಗಾ ಯಂತ್ರ ತಯಾರಿಕೆಯನ್ನೇ ನಿಲ್ಲಿಸಿತು. ಸೋನಿಯ ಎರಡನೆಯ ಪ್ಲೇಸ್ಟೇಷನ್ 15 ಕೋಟಿಗೂ ಹೆಚ್ಚು ಮಾರಾಟವಾಯಿತು.

ಈಗ ಅಂಗಡಿಯೇ ಮರೆಯಾಗುತ್ತಿದೆ. ಬಹಳಷ್ಟು ಆಟಗಳು ಅಂತರಜಾಲದ ಮೂಲಕ ನೇರವಾಗಿ ಯಂತ್ರಕ್ಕೆ ಇಳಿಯುತ್ತವೆ. ಉಳಿಯುವ ಸರಕಿಲ್ಲ, ಹೂಳುವ ಗುಂಡಿಯಿಲ್ಲ, ಸಂತೋಷವೇ. ಆದರೆ ಕಾರ್ಟ್ರಿಜ್ ಕೊಂಡವನು ಅದನ್ನು ಗೆಳೆಯನಿಗೆ ಕೊಡಬಹುದಿತ್ತು, ಸೆಕೆಂಡ್ ಹ್ಯಾಂಡ್ ಮಾರಬಹುದಿತ್ತು, ತಮ್ಮನಿಗೆ ಉಳಿಸಬಹುದಿತ್ತು. ಇಳಿಸಿಕೊಂಡ ಆಟಕ್ಕೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. 2023ರ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ ಎರಡು ಹಳೆಯ ಯಂತ್ರಗಳ ಅಂತರಜಾಲ ಮಳಿಗೆಗಳಲ್ಲಿ ಮಾರಾಟವನ್ನು ನಿಲ್ಲಿಸಿತು; ಅಲ್ಲಿ ಮಾತ್ರ ದೊರೆಯುತ್ತಿದ್ದ ಆಟಗಳನ್ನು ಹೊಸದಾಗಿ ಕೊಳ್ಳುವ ದಾರಿ ಅಂದಿಗೆ ಮುಚ್ಚಿತು.

ಆದ್ದರಿಂದ ನಿಮಗೊಂದು ಮಾತು. ಮಕ್ಕಳಿಗೆ ಆಟ ಕೊಡಿಸುವುದು ಬೇಡವೆಂದು ನಾನು ಹೇಳುವುದಿಲ್ಲ. ಹಣ ಕೊಡುವ ಮುನ್ನ, ನಾನು ಕೊಳ್ಳುತ್ತಿರುವುದು ವಸ್ತುವನ್ನೋ, ಬರಿಯ ಅನುಮತಿಯನ್ನೋ ಎಂದು ಒಮ್ಮೆ ವಿಚಾರಿಸಿ. ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸಿ. ವ್ಯಾಪಾರದ ಚರಿತ್ರೆಯ ಮೊದಲ ಪಾಠ ಆ ಮಗುವಿಗೆ ಅಲ್ಲಿಯೇ ದೊರೆಯುತ್ತದೆ.