ಹೊಟ್ಟೆಯೊಳಗೆ ಸೋರುವ ತೊಟ್ಟಿ

ಹಾಟ್ ಟಬ್ ಸೋರುತ್ತಿದೆ, ಬಂದು ನೋಡಿ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಮರದ್ದೋ, ಪ್ಲಾಸ್ಟಿಕ್ಕಿನದೋ? ಮರದ್ದಾದರೆ ಸ್ಪ್ಯಾನರು, ಮೊಂಡು ಉಳಿ, ಒಂದಿಷ್ಟು ಹತ್ತಿಯ ಹುರಿ ಸಾಕು. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿರುತ್ತೇನೆ. ಪ್ಲಾಸ್ಟಿಕ್ಕಿನದಾದರೆ ಟಾರ್ಚು, ಬಣ್ಣದ ಸೀಸೆ, ಫೋಮ್ ಕೊಯ್ಯುವ ಚಾಕು, ಮೊಣಕಾಲಿಗೆ ಕಟ್ಟುವ ದಿಂಬು ಎಲ್ಲವೂ ವ್ಯಾನಿಗೇರಬೇಕು. ಆ ದಿನ ಊಟದ ಹೊತ್ತು ಹೇಳಲಾಗದು.

ಕಸುಬು ಕಲಿತದ್ದು ತಿಪಟೂರಿನ ಪಂಪು ರಿಪೇರಿ ಅಂಗಡಿಯಲ್ಲಿ. ಅದರ ಅನ್ನ ತಿನ್ನುತ್ತಿರುವುದು ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಬೆಟ್ಟಗಳಲ್ಲಿ. ಈ ಬಿಸಿನೀರಿನ ತೊಟ್ಟಿಯ ಚರಿತ್ರೆಯನ್ನು ಸುಖಪುರುಷರ ಚರಿತ್ರೆಯಾಗಿ ಹೇಳುವವರು ಬಹಳ. ಅದರ ಬುಡದಲ್ಲಿ ಮಲಗಿ ಮೇಲೆ ನೋಡುವವನಿಗೆ ಅದು ಬೇರೆಯದೇ ಆಗಿ ಕಾಣುತ್ತದೆ: ಕಣ್ಣೆದುರು ಸೋರುತ್ತಿದ್ದ ನೀರು ಅರವತ್ತು ವರ್ಷಗಳಲ್ಲಿ ಹೇಗೆ ಮರೆಗೆ ಸರಿಯಿತು ಎಂಬ ಚರಿತ್ರೆ.

ಕ್ಯಾಲಿಫೋರ್ನಿಯಾದ ವೈನ್ ತಯಾರಕರು 19ನೇ ಶತಮಾನದಿಂದಲೂ ರೆಡ್‌ವುಡ್ ಮರದ ಭಾರಿ ಪೀಪಾಯಿಗಳನ್ನು ಬಳಸುತ್ತಿದ್ದರು. ಈ ಕರಾವಳಿಯ ರೆಡ್‌ವುಡ್ ನೀರಿನಲ್ಲಿ ಬೇಗ ಕೊಳೆಯುವ ಜಾತಿಯಲ್ಲ. ಎರಡನೇ ಮಹಾಯುದ್ಧದ ನಂತರ ಸ್ಟೇನ್‌ಲೆಸ್ ಸ್ಟೀಲಿನ ಟ್ಯಾಂಕುಗಳು ಬಂದವು, ಮರದ ಪೀಪಾಯಿಗಳು ಹಿತ್ತಿಲು ಸೇರಿದವು. 1960ರ ದಶಕದಲ್ಲಿ ಸಾಂಟಾ ಬಾರ್ಬರಾದ ಗುಡ್ಡಗಳಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮರಿನ್ ಕೌಂಟಿಯಲ್ಲಿ ಕೆಲವರು ಅವನ್ನು ಅಗ್ಗಕ್ಕೆ ತಂದು, ನೀರು ತುಂಬಿ, ಕಾಯಿಸಿ, ಸ್ನೇಹಿತರ ಸಮೇತ ಇಳಿದು ಕುಳಿತರು. ಜಪಾನಿನ ಮರದ ಸ್ನಾನದ ತೊಟ್ಟಿ ಅವರಿಗೆ ಗೊತ್ತಿತ್ತು. ಬಿಗ್ ಸರ್ ಕಡಲಂಚಿನ ಬಿಸಿನೀರಿನ ಬುಗ್ಗೆಗಳೂ ಗೊತ್ತಿದ್ದವು. 1973ರಲ್ಲಿ ಸಾಂಟಾ ಬಾರ್ಬರಾದ ಕಾಪ್ರಾ ಪ್ರೆಸ್ ‘ಹಾಟ್ ಟಬ್ಸ್’ ಎಂಬ ಪುಸ್ತಕ ತಂದಿತು. ತೊಟ್ಟಿಯನ್ನು ತಾವೇ ಕಟ್ಟಿಕೊಳ್ಳುವವರಿಗೆಂದು ಬಂದ ಪುಸ್ತಕ ಅದು.

ಪೀಪಾಯಿ ಕಟ್ಟುವವರ ಕೈಕೆಲಸದಲ್ಲಿ ಅಂಟೂ ಇಲ್ಲ, ಮೊಳೆಯೂ ಇಲ್ಲ. ಅಂಚು ಓರೆಯಾಗಿ ಹೆರೆದ ಹಲಗೆಗಳನ್ನು ಸುತ್ತ ನಿಲ್ಲಿಸುತ್ತಾರೆ. ಪ್ರತಿ ಹಲಗೆಯ ಬುಡದಲ್ಲಿ ಒಂದು ತೋಡು ಕೊರೆದಿರುತ್ತದೆ, ತಳದ ಹಲಗೆ ಅದರೊಳಗೆ ಕೂರುತ್ತದೆ. ಹೊರಗಿನಿಂದ ಉಕ್ಕಿನ ಪಟ್ಟಿ ಬಿಗಿಯುತ್ತಾರೆ. ಅಷ್ಟೂ ಭಾರ ಹೊರುವುದು ತಳದ ಕೆಳಗಿನ ತೊಲೆಗಳು; ಸುತ್ತಿನ ಹಲಗೆಗಳು ನೆಲ ಮುಟ್ಟಕೂಡದು. ಹೊಸ ತೊಟ್ಟಿಗೆ ನೀರು ಬಿಟ್ಟ ದಿನ ಎಲ್ಲ ಸಂದಿನಿಂದಲೂ ಧಾರೆ ಇಳಿಯುತ್ತದೆ. ಯಜಮಾನರು ಹೌಹಾರುತ್ತಾರೆ. ಒಂದೆರಡು ದಿನ ನೀರು ತುಂಬುತ್ತಲೇ ಇರಬೇಕು, ಮರ ನೀರು ಕುಡಿದು ಉಬ್ಬುತ್ತದೆ, ಸಂದು ತಾನಾಗಿ ಮುಚ್ಚುತ್ತದೆ. ಬೇಸಿಗೆಯಲ್ಲಿ ಪಟ್ಟಿ ಸಡಿಲವಾದ ಗಾಡಿಯ ಚಕ್ರವನ್ನು ನಮ್ಮೂರಿನವರು ಕೆರೆಯಲ್ಲಿ ನೆನೆಹಾಕಿ ಬಿಗಿಮಾಡುತ್ತಿದ್ದರಲ್ಲ, ಅದೇ ವಿದ್ಯೆ ಇದು. ಮೊದಲ ನೀರು ಮರದ ಒಗರು ಬಿಟ್ಟುಕೊಂಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಚೆಲ್ಲಿ ಹೊಸ ನೀರು ತುಂಬಬೇಕು.

ಆಮೇಲೂ ಜಿನುಗಿದರೆ ಪಟ್ಟಿಯ ನಟ್ಟನ್ನು ಸ್ವಲ್ಪ ಬಿಗಿಸಿದರಾಯಿತು. ವಿಪರೀತ ಬಿಗಿಸಿದರೆ ಉಬ್ಬುವ ಮರಕ್ಕೆ ಜಾಗವಿಲ್ಲದೆ ಅದರ ಎಳೆ ನಜ್ಜುಗುಜ್ಜಾಗುತ್ತದೆ. ಮೊಂಡು ಸಂದಿಗೆ ಹತ್ತಿಯ ಹುರಿಯನ್ನು ಉಳಿಯಿಂದ ತುರುಕುವುದುಂಟು. ಐದು ಅಡಿ ವ್ಯಾಸದ ತೊಟ್ಟಿಯಲ್ಲಿ ನೀರು ಒಂದು ಅಂಗುಲ ಇಳಿದರೆ ಸುಮಾರು 46 ಲೀಟರ್ ಹೋಯಿತೆಂದು ಲೆಕ್ಕ. 1976–77ರ ಬರಗಾಲದಲ್ಲಿ ಇಲ್ಲಿನವರಿಗೆ ಅದು ಸಣ್ಣ ಲೆಕ್ಕವಾಗಿರಲಿಲ್ಲ. ಆದರೂ ನೀರು ಎಲ್ಲಿಂದ ಹೋಗುತ್ತಿದೆ ಎಂದು ಹುಡುಕಲು ಯಾರನ್ನೂ ಕರೆಯಬೇಕಿರಲಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ಒದ್ದೆ ಹಲಗೆ ಕಾಣುತ್ತಿತ್ತು.

ಪ್ಲಾಸ್ಟಿಕ್ ತೊಟ್ಟಿಯ ವಂಶ ಬೇರೆ. ಅದು ಬಾವಿಯಿಂದ ಎದ್ದು ಬಂದದ್ದು. ಇಟಲಿಯ ಫ್ರಿಯುಲಿ ಪ್ರಾಂತ್ಯದಿಂದ ಬಂದ ಜಕೂಝಿ ಮನೆತನದ ಏಳು ಜನ ಅಣ್ಣತಮ್ಮಂದಿರು ಬರ್ಕ್ಲಿಯಲ್ಲಿ ವಿಮಾನದ ಪ್ರೊಪೆಲ್ಲರ್ ಮಾಡುತ್ತಿದ್ದರು. ಮುಚ್ಚಿದ ಕ್ಯಾಬಿನ್ನಿನ ವಿಮಾನವನ್ನೂ ಕಟ್ಟಿದರು. 1921ರಲ್ಲಿ ಅದು ಬಿದ್ದು ನಾಲ್ವರು ಸತ್ತರು. ಅವರಲ್ಲಿ ಒಬ್ಬ ಅವರದೇ ಸೋದರ ಜೊಕೊಂಡೊ. ಮನೆತನ ಆಕಾಶದ ಸಹವಾಸ ಬಿಟ್ಟು ನೆಲದ ನೀರಿಗೆ ಕೈಹಾಕಿತು. ಹಿರಿಯ ರಕೇಲೆ ತೋಟದ ಬಾವಿಗಳಿಗಾಗಿ ಜೆಟ್ ಪಂಪು ರೂಪಿಸಿದ.

ಈ ಪಂಪು ತಿಪಟೂರಿನವನಿಗೆ ಹೊಸದಲ್ಲ. ಮೇಲಿನಿಂದ ಹೀರುವ ಪಂಪು ಏನೇ ಮಾಡಿದರೂ ಏಳೆಂಟು ಮೀಟರಿಗಿಂತ ಆಳದ ನೀರನ್ನು ಎತ್ತಲಾರದು. ಅಲ್ಲಿ ನೀರನ್ನು ಮೇಲೆ ನೂಕುವುದು ಗಾಳಿಯ ಒತ್ತಡ, ಅದಕ್ಕೂ ಮಿತಿಯಿದೆ. ಜೆಟ್ ಪಂಪು ಒಂದಿಷ್ಟು ನೀರನ್ನು ಕೆಳಗೇ ಕಳಿಸಿ, ಕಿರಿದಾದ ನಾಜಲಿನಿಂದ ರಭಸವಾಗಿ ಚಿಮ್ಮಿಸುತ್ತದೆ. ಆ ರಭಸದ ಸುತ್ತ ಒತ್ತಡ ಕುಸಿದು, ಬಾವಿಯ ನೀರು ಅದರ ಬೆನ್ನು ಹತ್ತಿ ಬರುತ್ತದೆ. ನಮ್ಮ ತೆಂಗಿನ ತೋಟಗಳಲ್ಲಿ ಬಾವಿಗೆ ಎರಡು ಪೈಪು ಇಳಿಬಿಟ್ಟ ಪಂಪು ಕಂಡಿದ್ದರೆ, ಹಾಟ್ ಟಬ್ಬಿನ ಅರ್ಧ ಎಂಜಿನಿಯರಿಂಗ್ ಕಂಡಂತೆಯೇ.

ಉಳಿದರ್ಧ ಹುಟ್ಟಿದ್ದು ಒಂದು ಮಗುವಿನ ನೋವಿನಿಂದ. ಕಿರಿಯ ಸೋದರ ಕಾಂಡಿಡೊನ ಮಗ ಕೆನೆತ್‌ಗೆ ಎಳವೆಯಲ್ಲೇ ಕೀಲುಗಳ ಉರಿಯೂತ ಹಿಡಿಯಿತು. ಆಸ್ಪತ್ರೆಯ ನೀರಿನ ಚಿಕಿತ್ಸೆಯಿಂದ ಹುಡುಗನಿಗೆ ಹಿತವಾಗುವುದನ್ನು ಕಂಡ ತಂದೆ, 1940ರ ದಶಕದ ಕೊನೆಗೆ ಮನೆಯ ಸ್ನಾನದ ತೊಟ್ಟಿಯಲ್ಲಿ ಇಳಿಬಿಡಬಹುದಾದ ಪಂಪೊಂದನ್ನು ಮಾಡಿದ. ಅದು 1956ರಲ್ಲಿ ಜೆ-300 ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. ಬಾವಿಯಲ್ಲಿ ನೀರನ್ನು ಸೆಳೆಯುತ್ತಿದ್ದ ನಾಜಲು ಇಲ್ಲಿ ಗಾಳಿಯನ್ನು ಸೆಳೆದು ನೊರೆಯೆಬ್ಬಿಸಿತು. 1968ರಲ್ಲಿ ಅದೇ ಮನೆತನದ ರಾಯ್ ಜಕೂಝಿ ನಾಜಲುಗಳನ್ನು ತೊಟ್ಟಿಯ ಗೋಡೆಯೊಳಗೇ ಕೂರಿಸಿದ.

ನನ್ನ ಲೆಕ್ಕದಲ್ಲಿ ಸೋರಿಕೆ ಮರೆಗೆ ಸರಿದದ್ದು ಅಲ್ಲಿಂದ. ಗೋಡೆಗೆ ಒಂದು ನಾಜಲು ಎಂದರೆ ಒಂದು ತೂತು, ಒಂದು ಗ್ಯಾಸ್ಕೆಟ್, ನೀರಿಗೊಂದು ಕೊಳವೆ, ಗಾಳಿಗೊಂದು ಕೊಳವೆ. ಅತ್ತ ಮರದ ತೊಟ್ಟಿಗೂ ಕಷ್ಟ ಬಂತು: ಅದೇ 1968ರಲ್ಲಿ ರೆಡ್‌ವುಡ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು, 1978ರಲ್ಲಿ ಇನ್ನಷ್ಟು ವಿಸ್ತಾರವಾಯಿತು. ಹಳೆಯ ಕಾಡಿನ ಮರ ಸುಲಭದ ಸರಕಾಗಿ ಉಳಿಯಲಿಲ್ಲ. ಮರದ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ಮನೆಮಾಡುತ್ತವೆ ಎಂಬ ಚಿಂತೆಯೂ ಇತ್ತು, ಅವನ್ನು ಕೊಲ್ಲಲು ಕ್ಲೋರಿನ್ ಜಾಸ್ತಿ ಹಾಕಿದರೆ ಮರದ ಮೈ ನಾರುನಾರಾಗುತ್ತಿತ್ತು. ಫೈಬರ್‌ಗ್ಲಾಸ್, ಆಮೇಲೆ ಅಕ್ರಿಲಿಕ್ ತೊಟ್ಟಿಗಳು ಗೆದ್ದವು. ಶಾಖ ಉಳಿಸಲು ತೊಟ್ಟಿಗೂ ಹೊರಗವಚಕ್ಕೂ ನಡುವಿನ ಜಾಗಕ್ಕೆ ಪಾಲಿಯುರೆಥೇನ್ ಫೋಮ್ ಸುರಿದರು. ಫೋಮ್ ವಿದ್ಯುತ್ ಉಳಿಸಿದ್ದು ನಿಜ. ಅದು ಪ್ರತಿಯೊಂದು ಕೀಲನ್ನೂ ಹೂತುಹಾಕಿದ್ದೂ ನಿಜ.

ಹೀಗಾಗಿ ಇಂದು ನನ್ನ ಕೆಲಸದ ಮುಕ್ಕಾಲು ಪಾಲು ಹುಡುಕಾಟ. ಮೊದಲು ವಿದ್ಯುತ್ ಕಡಿದು ಪಂಪಿನ ಬುಡ ನೋಡುತ್ತೇನೆ. ಅಲ್ಲಿ ತುಕ್ಕಿನ ಗೆರೆಯಿದ್ದರೆ ಶಾಫ್ಟಿನ ಸೀಲು ಸವೆದಿದೆ. ಆ ಸೀಲಿನಲ್ಲಿ ಇಂಗಾಲದ ಮುಖ ಸೆರಾಮಿಕ್ಕಿನ ಮುಖಕ್ಕೆ ಉಜ್ಜಿಕೊಂಡು ನೀರು ತಡೆಯುತ್ತದೆ. ಹೊಸದನ್ನು ಕೂರಿಸುವಾಗ ಆ ಮುಖಗಳಿಗೆ ಬೆರಳಿನ ಜಿಡ್ಡೂ ತಾಗಬಾರದು. ಪಂಪು, ಹೀಟರುಗಳನ್ನು ಕೊಳವೆಗೆ ಜೋಡಿಸುವ ಯೂನಿಯನ್ನಿನ ರಬ್ಬರ್ ಉಂಗುರಗಳು ಆಮೇಲಿನ ಆರೋಪಿಗಳು. ಅಲ್ಲೆಲ್ಲ ಒಣಗಿದ್ದರೆ ನೀರಿನ ಮಟ್ಟಕ್ಕೆ ಟೇಪಿನ ಗುರುತು ಹಚ್ಚಿ ಒಂದು ದಿನ ಪಂಪು ಓಡಿಸಿ, ಇನ್ನೊಂದು ದಿನ ನಿಲ್ಲಿಸಿ ನೋಡುವುದು. ಓಡುವಾಗ ಮಾತ್ರ ಬೇಗ ಇಳಿದರೆ ದೋಷ ಒತ್ತಡದ ಕಡೆಯ ಕೊಳವೆಯಲ್ಲಿ. ನಿಂತಾಗ ಇಳಿದಿಳಿದು ಒಂದು ಮಟ್ಟದಲ್ಲಿ ನಿಂತುಬಿಟ್ಟರೆ ಆ ಎತ್ತರದ ನಾಜಲುಗಳ ಮೇಲೆ ಅನುಮಾನ. ಅಲ್ಲಿ ನಿಶ್ಚಲ ನೀರಿಗೆ ಒಂದು ತೊಟ್ಟು ಬಣ್ಣ ಬಿಡುತ್ತೇನೆ. ಬಣ್ಣ ಬಿರುಕಿನತ್ತ ಎಳೆದುಕೊಂಡು ಹೋಗುತ್ತದೆ.

ಆಮೇಲೆ ಚಾಕು. ಫೋಮಿನೊಳಗೆ ನೀರು ಸಿಕ್ಕ ದಾರಿ ಹಿಡಿದು ಹರಿಯುವುದರಿಂದ, ನೆಲ ಒದ್ದೆಯಾದ ಮೂಲೆಯಲ್ಲಿ ತೂತು ಇರಲೇಬೇಕೆಂದಿಲ್ಲ. ಒದ್ದೆ ಫೋಮನ್ನು ಹಿಡಿ ಹಿಡಿಯಾಗಿ ತೆಗೆಯುತ್ತ ಮೇಲ್ಮೇಲೆ ಹೋಗಬೇಕು. ಕೊನೆಗೆ ಸಿಗುವುದು ಸಾಮಾನ್ಯವಾಗಿ ಕೈಬೆರಳಿನಷ್ಟು ದಪ್ಪದ ಕೊಳವೆಯ ಅಂಟು ಬಿಟ್ಟ ತುದಿ. ಅದನ್ನು ಕತ್ತರಿಸಿ, ಹೊಸ ತುಂಡು ಅಂಟಿಸಿ, ಒಂದು ದಿನ ಒಣಗಲು ಬಿಟ್ಟರೆ ಕೆಲಸ ಮುಗಿಯಿತು. ಸಾಮಾನಿನ ಖರ್ಚು ಕೆಲವೇ ಡಾಲರ್. ಬಿಲ್ಲಿನ ಮಿಕ್ಕ ಭಾಗವೆಲ್ಲ ಅಗೆದ ಕೂಲಿ.

ಫೋಮ್ ತುಂಬದೆ, ಹೊರಗವಚದ ಒಳಮೈಗೆ ಮಾತ್ರ ಉಷ್ಣ ತಡೆಯುವ ಪದರ ಹಚ್ಚುವ ತಯಾರಕರೂ ಇದ್ದಾರೆ. ಅಂಥ ತೊಟ್ಟಿಯಲ್ಲಿ ಪ್ಯಾನೆಲ್ ಬಿಚ್ಚಿದರೆ ಕೀಲುಗಳು ಕಾಣುತ್ತವೆ, ಪೀಪಾಯಿಯ ಕಾಲದ ಪ್ರದಕ್ಷಿಣೆ ಮತ್ತೆ ಸಾಧ್ಯವಾಗುತ್ತದೆ. ಕೊಳ್ಳುವವರು ಮಾತ್ರ ನನ್ನನ್ನು ಕೇಳುವುದು ಎಷ್ಟು ಜೆಟ್ಟಿದ್ದರೆ ಒಳ್ಳೆಯದು ಎಂದು. ಜೆಟ್ಟು ಎಣಿಸಬೇಡಿ, ನಾಲ್ಕೂ ಕಡೆಯ ಪ್ಯಾನೆಲ್ ಬಿಚ್ಚಿ ತೋರಿಸಲು ಅಂಗಡಿಯವರಿಗೆ ಹೇಳಿ ಎನ್ನುತ್ತೇನೆ. ಬಿಚ್ಚಿದರೆ ಒಳ್ಳೆಯದಾಯಿತು. ಒಪ್ಪದಿದ್ದರೆ, ಅಲ್ಲೇ ನಿಂತು ನನ್ನ ನಂಬರ್ ಬರೆದಿಟ್ಟುಕೊಳ್ಳುವುದು ಜಾಣತನ.