ರೇಂಜ್‌ಫೈಂಡರ್ ಕ್ಯಾಮರಾದ ಲೆನ್ಸುಗಳು: ಚರಿತ್ರಕಾರನ ದೃಷ್ಟಿಯಿಂದ ಒಂದು ತುಲನೆ

ಶಾಸನವೊಂದು ದೊರೆತಾಗ ಚರಿತ್ರಕಾರನು ಅದರ ಪಾಠವನ್ನು ಓದಿದ ಮಾತ್ರಕ್ಕೆ ತೃಪ್ತನಾಗುವುದಿಲ್ಲ. ಕಲ್ಲು ಯಾವುದು, ಲಿಪಿ ಯಾವ ಕಾಲದ್ದು, ಅಕ್ಷರಗಳು ಅಳಿದಿರುವುದು ಮಳೆಗಾಳಿಯಿಂದಲೋ ಕಂಡರಿಸಿದವನ ಪ್ರಮಾದದಿಂದಲೋ ಎಂದು ವಿಚಾರಿಸುತ್ತಾನೆ. ಛಾಯಾಚಿತ್ರವನ್ನು ಆಧಾರವಾಗಿ ಸ್ವೀಕರಿಸುವಾಗ ಮಾತ್ರ, ತೆಗೆದವರಾರು, ಎಂದು ತೆಗೆದರು ಎಂಬಷ್ಟಕ್ಕೇ ನಾವು ನಿಂತುಬಿಡುತ್ತೇವೆ. ಯಾವ ಲೆನ್ಸಿನಿಂದ ತೆಗೆದರು ಎಂಬುದನ್ನೂ ಕೇಳುವುದು ಅವಶ್ಯಕವೆಂದು ನಮ್ಮ ಅಭಿಪ್ರಾಯ. ಇಪ್ಪತ್ತನೆಯ ಶತಮಾನದ ದಿನನಿತ್ಯದ ಬದುಕನ್ನು ವಿಪುಲವಾಗಿ ದಾಖಲಿಸಿದ ಸಣ್ಣ ರೇಂಜ್‌ಫೈಂಡರ್ ಕ್ಯಾಮರಾಗಳ ಮೂರು ಬಗೆಯ ಲೆನ್ಸುಗಳನ್ನು ಈ ದೃಷ್ಟಿಯಿಂದ ಇಲ್ಲಿ ಹೋಲಿಸಿದ್ದೇವೆ.

ಜರ್ಮನಿಯ ವೆಟ್ಸ್ಲಾರ್ ಪಟ್ಟಣದ ಲೈಟ್ಸ್ ಸಂಸ್ಥೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬಾತನು ರೂಪಿಸಿದ ಲೈಕಾ ಕ್ಯಾಮರಾ ೧೯೨೫ರಲ್ಲಿ ಲೈಪ್ಜಿಗ್ ಮೇಳದಲ್ಲಿ ಪ್ರದರ್ಶಿತವಾಯಿತು. ಚಲನಚಿತ್ರದ ಫಿಲ್ಮಿನ ಮೇಲೆ ೨೪ × ೩೬ ಮಿ.ಮೀ. ಅಳತೆಯ ಚಿತ್ರವನ್ನು ಅದು ತೆಗೆಯುತ್ತಿತ್ತು. ಮೊದಮೊದಲು ವಸ್ತುವಿನ ದೂರವನ್ನು ಕಣ್ಣಳತೆಯಿಂದ ಊಹಿಸಬೇಕಾಗಿತ್ತು. ೧೯೩೨ರಲ್ಲಿ ಲೈಕಾದ ಎರಡನೆಯ ಮಾದರಿಯೂ ಡ್ರೆಸ್ಡೆನ್ನಿನ ಜೈಸ್ ಇಕಾನ್ ಸಂಸ್ಥೆಯ ಕಾಂಟ್ಯಾಕ್ಸ್ ಕ್ಯಾಮರಾವೂ ಲೆನ್ಸಿನೊಡನೆ ಜೋಡಣೆಗೊಂಡ ರೇಂಜ್‌ಫೈಂಡರನ್ನು ಪಡೆದುವು. ಎರಡು ಕಿಂಡಿಗಳಿಂದ ಬರುವ ಎರಡು ಬಿಂಬಗಳು ಒಂದಾಗುವವರೆಗೆ ಲೆನ್ಸನ್ನು ತಿರುಗಿಸಿದರೆ ದೂರವು ತಾನಾಗಿ ಸರಿಹೊಂದುತ್ತಿತ್ತು.

ಲೈಕಾದ ಖ್ಯಾತಿಗೆ ಕಾರಣವಾದ ಲೆನ್ಸು ಮ್ಯಾಕ್ಸ್ ಬೆರೆಕ್ ರಚಿಸಿದ ಎಲ್ಮಾರ್. ಇದರ ನಾಭಿದೂರ ೫೦ ಮಿ.ಮೀ., ಬೆಳಕು ಹೊಗುವ ರಂಧ್ರದ ಗರಿಷ್ಠ ಪ್ರಮಾಣ ಎಫ್/೩.೫. ಈ ಸಂಖ್ಯೆ ಕಿರಿದಾದಷ್ಟೂ ರಂಧ್ರ ಹಿರಿದೆಂದು ತಿಳಿಯಬೇಕು. ಮೂರು ಗುಂಪುಗಳಲ್ಲಿ ನಾಲ್ಕು ಮಸೂರಗಳಿರುವ ಈ ಲೆನ್ಸನ್ನು ಬಳಸದಿದ್ದಾಗ ಕ್ಯಾಮರಾದ ಒಡಲೊಳಕ್ಕೆ ತಳ್ಳಿ, ಕೋಟಿನ ಜೇಬಿನಲ್ಲಿಟ್ಟುಕೊಳ್ಳಬಹುದಾಗಿತ್ತು. ಹಗಲಿನಲ್ಲಿ ರಂಧ್ರವನ್ನು ಎಫ್/೮ಕ್ಕೆ ಕಿರಿದುಗೊಳಿಸಿ ೫ ಮೀಟರ್ ದೂರಕ್ಕೆ ಹೊಂದಿಸಿಟ್ಟರೆ, ಸುಮಾರು ೩.೫ ಮೀಟರಿನಿಂದ ೯.೫ ಮೀಟರಿನವರೆಗಿನದೆಲ್ಲವೂ ಸ್ಪಷ್ಟವಾಗಿ ಮೂಡುತ್ತದೆ. ಬೀದಿ, ಸಂತೆ, ಮೆರವಣಿಗೆಗಳಿಗೆ ಇದಕ್ಕಿಂತ ಅನುಕೂಲವಾದುದು ಬೇಕಿಲ್ಲ. ಆದರೆ ಸಂಜೆಯಾದೊಡನೆ ಎಲ್ಮಾರ್ ಸೋಲುತ್ತಿತ್ತು.

ಈ ಕೊರತೆಯನ್ನು ನೀಗಿದಾತ ಲುಡ್ವಿಗ್ ಬರ್ಟೆಲೆ. ಆತನು ಮೊದಲು ರಚಿಸಿದ ಎರ್ನೋಸ್ಟಾರ್ ಲೆನ್ಸುಳ್ಳ ಎರ್ಮಾನಾಕ್ಸ್ ಎಂಬ ಗಾಜುಫಲಕದ ಕ್ಯಾಮರಾದಿಂದಲೇ ಎರಿಖ್ ಸಾಲೊಮನ್ ೧೯೨೮ರಲ್ಲಿ ನ್ಯಾಯಾಲಯದ ವಿಚಾರಣೆಯನ್ನು ಗುಟ್ಟಾಗಿ ಚಿತ್ರಿಸಿದನು. ಮುಂದೆ ರಾಜತಾಂತ್ರಿಕ ಸಮ್ಮೇಳನಗಳ ಒಳಕೋಣೆಗಳನ್ನೂ ಚಿತ್ರಿಸಿದನು. ಬರ್ಟೆಲೆ ೧೯೩೨ರಲ್ಲಿ ಕಾಂಟ್ಯಾಕ್ಸಿಗಾಗಿ ೫೦ ಮಿ.ಮೀ. ಸೊನ್ನಾರ್ ಲೆನ್ಸನ್ನು ಎಫ್/೨ ಮತ್ತು ಎಫ್/೧.೫ ಎಂಬ ಎರಡು ಪ್ರಮಾಣಗಳಲ್ಲಿ ಸಿದ್ಧಪಡಿಸಿದನು. ಎಲ್ಮಾರಿನೊಡನೆ ಹೋಲಿಸಿದರೆ ಮೊದಲನೆಯದು ಸುಮಾರು ಮೂರರಷ್ಟು, ಎರಡನೆಯದು ಐದರಷ್ಟಕ್ಕೂ ಮಿಗಿಲಾದ ಬೆಳಕನ್ನು ಫಿಲ್ಮಿಗೆ ಮುಟ್ಟಿಸುತ್ತದೆ. ಸೊನ್ನಾರಿನ ಇನ್ನೊಂದು ಗುಣವೂ ಗಮನಾರ್ಹವಾದುದು. ಗಾಜು ಗಾಳಿಗೆ ತಾಗುವ ಪ್ರತಿಯೊಂದು ಮೈಯೂ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ ೪ರಿಂದ ೫ರಷ್ಟನ್ನು ಹಿಂದಿರುಗಿಸುತ್ತದೆ. ಹೀಗೆ ಒಳಗೇ ಸುತ್ತಾಡುವ ಬೆಳಕು ಚಿತ್ರವನ್ನು ಮಸುಕಾಗಿಸುತ್ತದೆ. ಬರ್ಟೆಲೆ ಮಸೂರಗಳನ್ನು ಒಂದಕ್ಕೊಂದು ಅಂಟಿಸಿ ಮೂರೇ ಗುಂಪುಗಳಾಗಿ ಮಾಡಿದುದರಿಂದ ಅಂತಹ ಮೈಗಳು ಆರು ಮಾತ್ರ ಉಳಿದುವು. ೧೯೩೩ರಲ್ಲಿ ಬಂದ ಲೈಟ್ಸ್ ಸಂಸ್ಥೆಯ ಎಫ್/೨ ಸುಮ್ಮಾರ್ ಲೆನ್ಸಿನಲ್ಲಿ ಅವು ಎಂಟು. ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ ೧೯೩೫ರಲ್ಲಿ ಕಂಡುಹಿಡಿದ ಪ್ರತಿಫಲನ ನಿವಾರಕ ಲೇಪನವು ಎರಡನೆಯ ಮಹಾಯುದ್ಧದ ತರುವಾಯ ಬಳಕೆಗೆ ಬಂದ ಮೇಲೆ ಈ ಅಂತರ ಬಹುಮಟ್ಟಿಗೆ ಕಡಿಮೆಯಾಯಿತು.

ಆದರೆ ಹಿರಿದಾದ ರಂಧ್ರವು ಬೆಲೆಯನ್ನೂ ಕೇಳುತ್ತದೆ. ೨ ಮೀಟರ್ ದೂರದಲ್ಲಿರುವ ವ್ಯಕ್ತಿಯನ್ನು ಎಫ್/೩.೫ರಲ್ಲಿ ಚಿತ್ರಿಸಿದರೆ ಸುಮಾರು ೩೩ ಸೆಂ.ಮೀ. ಆಳದವರೆಗೆ ಸ್ಪಷ್ಟತೆ ಇರುತ್ತದೆ, ಎಫ್/೧.೫ರಲ್ಲಿ ಸುಮಾರು ೧೪ ಸೆಂ.ಮೀ. ಮಾತ್ರ. ಮುಖ ಉಳಿಯುತ್ತದೆ, ಹಿಂದಿನ ಗೋಡೆ, ಪಾತ್ರೆ, ಪಟಗಳೆಲ್ಲ ಕರಗಿಹೋಗುತ್ತವೆ. ಚರಿತ್ರಕಾರನು ಅನೇಕ ವೇಳೆ ಹುಡುಕುವುದು ಆ ಗೋಡೆಯನ್ನೇ.

ಮೂರನೆಯ ಬಗೆಯು ೩೫ ಮಿ.ಮೀ. ನಾಭಿದೂರದ ಲೆನ್ಸು. ೩ ಮೀಟರ್ ದೂರದಲ್ಲಿ ೫೦ ಮಿ.ಮೀ. ಲೆನ್ಸು ಸುಮಾರು ೨.೧೬ ಮೀಟರ್ ಅಗಲವನ್ನು ಹಿಡಿದರೆ, ಇದು ಸುಮಾರು ೩.೦೯ ಮೀಟರನ್ನು ಹಿಡಿಯುತ್ತದೆ. ಇಕ್ಕಟ್ಟಾದ ಕೋಣೆಯಲ್ಲಿ ಈ ಒಂದು ಮೀಟರಿನ ಅಂತರವೆಂದರೆ ಬಾಗಿಲ ಬಳಿ ನಿಂತ ಇನ್ನೊಬ್ಬ ವ್ಯಕ್ತಿ ಚಿತ್ರದಲ್ಲಿ ಇರುವುದು ಅಥವಾ ಇಲ್ಲದಿರುವುದು.

ಹಾಗಾದರೆ ನಿತ್ಯೋಪಯೋಗಕ್ಕೆ ಯಾವುದು ಮೇಲು? ಹಗಲಿಗೆ ಎಲ್ಮಾರ್, ಇಕ್ಕಟ್ಟಿಗೆ ೩೫ ಮಿ.ಮೀ., ಹಗಲಿರುಳುಗಳೆರಡಕ್ಕೂ ಒಂದೇ ಲೆನ್ಸು ಬೇಕೆಂದರೆ ಎಫ್/೨ ಸೊನ್ನಾರ್ ಎಂಬುದು ನಮ್ಮ ನಿರ್ಣಯ. ಎಫ್/೧.೫ ವಿಶೇಷ ಸಂದರ್ಭಗಳಿಗೆ ಸಲ್ಲುವುದು. ೧೯೫೪ರಲ್ಲಿ ಟ್ರೈ-ಎಕ್ಸ್‌ನಂತಹ ಚುರುಕಾದ ಫಿಲ್ಮು ಈ ಕ್ಯಾಮರಾಗಳಿಗೂ ದೊರೆತ ಮೇಲೆ ಕಿರಿಯ ರಂಧ್ರದ ಲೆನ್ಸುಗಳೂ ಒಳಮನೆಯನ್ನು ಹೊಕ್ಕುವು.

ಚರಿತ್ರಕಾರನಿಗೆ ಇದರಿಂದಾಗುವ ಪ್ರಯೋಜನ ಬೇರೆಯದು. ೧೯೪೮ರ ಜನವರಿ ೩೦ರ ರಾತ್ರಿ ದೆಹಲಿಯ ಬಿರ್ಲಾ ಭವನದ ಬಾಗಿಲಲ್ಲಿ ನೆಹರೂ ಅವರು ಗಾಂಧೀಜಿಯವರ ಮರಣವನ್ನು ಜನರಿಗೆ ತಿಳಿಸುತ್ತಿರುವ ಚಿತ್ರವನ್ನು ಆಂರಿ ಕಾರ್ತಿಯೆ-ಬ್ರೆಸಾನ್ ತೆಗೆದಿದ್ದಾನೆ. ದೀಪದ ಬೆಳಕು ಹರಡಿಕೊಂಡಿದೆ, ಆಕೃತಿಗಳು ಕದಡಿವೆ. ಅಸ್ಪಷ್ಟವೆಂದು ನಾವೂ ಒಮ್ಮೆ ಅದನ್ನು ಪಾಠದಿಂದ ಬಿಟ್ಟಿದ್ದೆವು. ಅದು ನಮ್ಮ ತಪ್ಪು. ಅಂದಿನ ಲೆನ್ಸು ಮತ್ತು ಫಿಲ್ಮುಗಳು ಕಾಣಬಲ್ಲ ಎಲ್ಲೆಯಲ್ಲಿ ನಿಂತು ಅದು ಸಾಕ್ಷ್ಯ ನುಡಿಯುತ್ತಿದೆ. ಆ ಕದಡುವಿಕೆಯೂ ಆ ರಾತ್ರಿಯ ಕತ್ತಲೆಗೆ ಆಧಾರವೇ. ಅಂತೆಯೇ, ಹಳೆಯ ಸಂಗ್ರಹವೊಂದರಲ್ಲಿ ಅಂಗಳದ ಚಿತ್ರಗಳು ನೂರಿದ್ದು ಅಡಿಗೆಮನೆಯದು ಒಂದೂ ಇಲ್ಲದಿದ್ದರೆ, ಅಲ್ಲಿ ದುಡಿದವರು ಗಣನೆಗೆ ಬಾರದವರೆಂದು ತೀರ್ಮಾನಿಸುವ ಮುನ್ನ ಆ ಲೆನ್ಸಿನ ಎಫ್ ಸಂಖ್ಯೆಯನ್ನು ನೋಡತಕ್ಕದ್ದು.