ಹ್ಯಾಂಡಲೂ ಕೀಲಿಕೈಯೂ

ಹಳೆಯ ಮೋಟಾರು ಗಾಡಿಯ ಒಡೆಯನ ದೂರುಗಳು ಹಲವು. ಅವುಗಳಲ್ಲಿ ಒಂದು ಮಾತ್ರ ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯದು: "ಗಾಡಿ ಸ್ಟಾರ್ಟ್ ಆಗುತ್ತಿಲ್ಲ." ಬಂಗಾರಪೇಟೆಯ ಬೀದಿಯಲ್ಲಿ ಈ ವಾಕ್ಯವನ್ನು ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕರಲ್ಲಿಯೂ ಕೇಳಬಹುದು, 'ಸ್ಟಾರ್ಟ್' ಎಂಬ ಪದ ಮಾತ್ರ ನಾಲ್ಕರಲ್ಲಿಯೂ ಬದಲಾಗದು. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಅರ್ಥದ ದೃಷ್ಟಿಯಿಂದ ಮಾತ್ರ ಇದು ಎರಡು ಬೇರೆ ಬೇರೆ ರೋಗಗಳಿಗೆ ಇಟ್ಟ ಒಂದೇ ಹೆಸರು. ಎಂಜಿನ್ನು ತಿರುಗದಿರುವುದು ಒಂದು. ತಿರುಗಿಯೂ ಹೊತ್ತಿಕೊಳ್ಳದಿರುವುದು ಇನ್ನೊಂದು. ಇವೆರಡೂ ಒಂದೇ ಹೆಸರಿನೊಳಗೆ ಸೇರಿಕೊಂಡುದಕ್ಕೆ ಒಂದು ಚರಿತ್ರೆಯಿದೆ.

ಮೋಟಾರು ಗಾಡಿಯ ಮೊದಲ ದಿನಗಳಲ್ಲಿ ಎಂಜಿನ್ನನ್ನು ತಿರುಗಿಸುವುದು ಮನುಷ್ಯನ ತೋಳಿನ ಕೆಲಸವಾಗಿತ್ತು. ಗಾಡಿಯ ಮುಂದೆ ನಿಂತು, ಕಬ್ಬಿಣದ ಹ್ಯಾಂಡಲನ್ನು ತೂರಿಸಿ, ಒಂದೇ ಎಳೆತಕ್ಕೆ ಸುತ್ತಬೇಕು. ಕಿಡಿ ಹೊತ್ತಿಗೆ ಮುಂಚೆ ಹಾರಿತೆಂದರೆ ಹ್ಯಾಂಡಲು ಹಿಮ್ಮುಖವಾಗಿ ಒದೆಯುತ್ತಿತ್ತು. ಹಾಗೆ ಮಣಿಕಟ್ಟು ಮುರಿದುಕೊಂಡವರು ಆ ಕಾಲದಲ್ಲಿ ಕಡಿಮೆಯೇನಲ್ಲ. ಆದರೆ ಆ ಕಷ್ಟದಲ್ಲಿಯೂ ಒಂದು ಅನುಕೂಲವಿತ್ತು. ತಿರುಗಿಸುವವನು ನಾನು, ಹೊತ್ತಿಕೊಳ್ಳಬೇಕಾದದ್ದು ಅದು ಎಂಬ ವಿವೇಕ ಸುತ್ತುವವನಿಗೆ ಎಂದೂ ತಪ್ಪುತ್ತಿರಲಿಲ್ಲ. ನಾನು ತಿರುಗಿಸಿದ್ದೇನೆ, ಅದು ಹೊತ್ತಿಕೊಂಡಿಲ್ಲ. ಆದ್ದರಿಂದ ದೋಷ ಕಿಡಿಯಲ್ಲಿರಬೇಕು, ಇಲ್ಲವೇ ಪೆಟ್ರೋಲಿನಲ್ಲಿ. ರೋಗನಿರ್ಣಯದ ಅರ್ಧ ಅಲ್ಲಿಗೇ ಮುಗಿಯುತ್ತಿತ್ತು.

ಈ ವ್ಯವಸ್ಥೆಯನ್ನು ಬದಲಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಬ್ಯಾಟರಿ, ಕಾಯಿಲು, ಪಾಯಿಂಟುಗಳಿಂದ ಕಿಡಿ ಹುಟ್ಟಿಸುವ ಅವನ ಏರ್ಪಾಡು ೧೯೧೦ರ ಮಾದರಿಯ ಕ್ಯಾಡಿಲಾಕ್ ಗಾಡಿಯಲ್ಲಿ ಬಂದಿತು. ಎಂಜಿನ್ನನ್ನು ವಿದ್ಯುತ್ತಿನಿಂದಲೇ ತಿರುಗಿಸುವ ಅವನ ಯಂತ್ರ, ನಾವು 'ಸೆಲ್ಫು' ಎನ್ನುವುದು, ಅದೇ ಗಾಡಿಯ ೧೯೧೨ರ ಮಾದರಿಯಲ್ಲಿ ಬಂದಿತು. ಆತ ಸ್ಥಾಪಿಸಿದ ಸಂಸ್ಥೆಯ ಸಂಕ್ಷಿಪ್ತ ನಾಮ ಡೆಲ್ಕೊ. ನಮ್ಮ ಕಡೆಯ ಮೆಕ್ಯಾನಿಕರು ಇಂದಿಗೂ ಡಿಸ್ಟ್ರಿಬ್ಯೂಟರನ್ನು 'ಡೆಲ್ಕೊ' ಎಂದೇ ಕರೆಯುವುದನ್ನು ಕೇಳಿದಾಗ, ಪದಗಳ ಪ್ರಯಾಣದ ಬಗ್ಗೆ ಕುತೂಹಲವುಳ್ಳ ನನ್ನಂಥವನಿಗೆ ಹಿಗ್ಗಾಗುತ್ತದೆ. ಹೀಗೆ ಒಬ್ಬನೇ ಮನುಷ್ಯ ಮಾಡಿದ ಎರಡು ಕೆಲಸಗಳು ಕಾಲಕ್ರಮದಲ್ಲಿ ಒಂದೇ ಕೀಲಿಕೈಗೆ ಬಂದು ಸೇರಿದವು. ತೋಳಿಗೆ ಬಿಡುವಾಯಿತು, ವಿವೇಕವೂ ಅದರ ಜೊತೆಯಲ್ಲಿಯೇ ರಜೆ ತೆಗೆದುಕೊಂಡಿತು.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನಲ್ಲಿ ೧೯೮೨ರ ಮಾದರಿಯ ಅಂಬಾಸಿಡರ್ ಗಾಡಿಯೊಂದಿತ್ತು. ಎರಡು ಕೈ ದಾಟಿ ಬಂದದ್ದು. ಬಂಗಾಳದ ಉತ್ತರಪಾರದಲ್ಲಿ ೨೦೧೪ರವರೆಗೂ ತಯಾರಾಗುತ್ತಿದ್ದ ಆ ಗಾಡಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಸಂತಾನವೆಂಬುದು ಎಲ್ಲರಿಗೂ ತಿಳಿದಿದೆ. ಹ್ಯಾಂಡಲು ತೂರಿಸುವ ರಂಧ್ರವನ್ನು ಅದು ತನ್ನ ಮೂತಿಯಲ್ಲಿ ಉಳಿಸಿಕೊಂಡು ಬಂದಿತ್ತು. ೨೦೦೨ರ ಜನವರಿಯಲ್ಲಿ ಒಂದು ಮುಂಜಾನೆ ಅದು ಮೌನ ತಾಳಿತು. ಕೀಲಿ ತಿರುಗಿಸಿದರೆ 'ಟಕ್' ಎಂಬ ಒಂದು ಶಬ್ದ, ಅಷ್ಟೆ. ವಾರಕ್ಕೆ ಎರಡು ಬಾರಿ ನನ್ನ ತಾಯಿಯವರನ್ನು ಕೋಲಾರದ ಆಸ್ಪತ್ರೆಗೆ ಕರೆದೊಯ್ಯಬೇಕಾಗಿದ್ದ ಕಾಲ ಅದು. ಬಸ್ಸು ಹತ್ತುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ.

ಊರಿನ ಮೆಕ್ಯಾನಿಕರೊಬ್ಬರು ಬ್ಯಾಟರಿ ಸತ್ತಿದೆ ಎಂದರು, ಹೊಸದನ್ನು ಹಾಕಿಸಿದೆ. ಆಮೇಲೆ ಸೆಲ್ಫು ಸುಟ್ಟಿದೆ ಎಂದರು. ಅದನ್ನು ಬಿಚ್ಚಿ ಹೊಸ ತಂತಿ ಸುತ್ತಿಸಿದ್ದಾಯಿತು. 'ಟಕ್' ಎಂಬುದು ಹಾಗೆಯೇ ಇತ್ತು. ಕೊನೆಗೆ, ಎಂಜಿನ್ನೇ ಹಿಡಿದುಕೊಂಡಿದೆ, ಪೂರ್ತಿ ಇಳಿಸಬೇಕು ಎಂಬ ತೀರ್ಪು ಬಂದಿತು. ಅವರು ಹೇಳಿದ ಖರ್ಚು ಗಾಡಿಯ ಬೆಲೆಯನ್ನೇ ಮೀರುತ್ತಿತ್ತು. ಗುಜರಿಗೆ ಕೊಡುವ ಮಾತೂ ಮನೆಯಲ್ಲಿ ನಡೆಯಿತು.

ಆಗ ಬಂದವರು ಚಾಂಪಿಯನ್ ರೀಫಿನ ಒಬ್ಬ ಹಿರಿಯರು. ಗಣಿಯ ವಿದ್ಯುತ್ ವಿಭಾಗದಲ್ಲಿ ದುಡಿದವರು. ಗಣಿ ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತ್ತು. ಅವರ ಸಂಬಳವೂ ನಿಂತು ಹೋಗಿತ್ತು. ಶಿವನಸಮುದ್ರದ ವಿದ್ಯುತ್ತು ಸುಮಾರು ೧೪೭ ಕಿಲೋಮೀಟರು ದೂರದಿಂದ ಈ ಗಣಿಗಳಿಗೆ ಹರಿದು ಬಂದದ್ದು ೧೯೦೨ರಲ್ಲಿ. ಬೆಂಗಳೂರಿನ ಬೀದಿಗಳು ಅದರ ಬೆಳಕನ್ನು ಕಂಡದ್ದು ಮೂರು ವರ್ಷ ತಡವಾಗಿ, ೧೯೦೫ರಲ್ಲಿ. ನೆಲದಡಿಯಲ್ಲಿ ಮೂರು ಕಿಲೋಮೀಟರು ಆಳದವರೆಗೆ ಇಳಿದಿದ್ದ ಗಣಿ ಅದು. ಅಲ್ಲಿ ಮೋಟಾರೊಂದು ನಿಂತರೆ ಒಂದೊಂದೇ ಭಾಗ ಬದಲಿಸಿ ನೋಡುತ್ತ ಕೂರಲು ಬಿಡುವಿರಲಿಲ್ಲವಂತೆ. "ಮೊದಲು ಕರೆಂಟು ಎಲ್ಲೀವರೆಗೆ ಬಂದಿದೆ ಅಂತ ನೋಡಬೇಕು, ಮೇಷ್ಟ್ರೇ. ಸಾಮಾನು ಬದಲಾಯಿಸೋದು ಆಮೇಲೆ," ಎಂದರು.

ಅವರು ಹೆಡ್‌ಲೈಟು ಹಾಕಿಸಿ ಕೀಲಿ ತಿರುಗಿಸುವಂತೆ ಹೇಳಿದರು. ಬೆಳಕು ಕುಂದಲಿಲ್ಲ. ಬ್ಯಾಟರಿ ದುರ್ಬಲವಾಗಿದ್ದರೆ ಸೆಲ್ಫಿನ ಎಳೆತಕ್ಕೆ ದೀಪ ಕಂಗೆಡಬೇಕಾಗಿತ್ತು. ಆ ಬಳಿಕ, "ಹ್ಯಾಂಡಲ್ ಇದೆಯಾ?" ಎಂದು ಕೇಳಿದರು. ಡಿಕ್ಕಿಯ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಗೇರನ್ನು ನ್ಯೂಟ್ರಲಿಗೆ ತಂದು, ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಂಡು ಸುತ್ತಿದರು. ಎರಡನೆಯ ಎಳೆತಕ್ಕೆ ಎಂಜಿನ್ನು ಗುಡುಗಿತು! ಹಿಡಿದುಕೊಂಡಿದೆ ಎಂದು ತೀರ್ಪು ಪಡೆದಿದ್ದ ಎಂಜಿನ್ನು ಅದು. ಕಿಡಿ, ಪೆಟ್ರೋಲು ಎಲ್ಲವೂ ನಿರ್ದೋಷವೆಂದು ಆ ಒಂದು ನಿಮಿಷದಲ್ಲಿ ಸಾಬೀತಾಯಿತು. ದೋಷವಿದ್ದದ್ದು ತಿರುಗಿಸುವ ದಾರಿಯಲ್ಲಿ ಮಾತ್ರ.

ಎಂಜಿನ್ನನ್ನು ನಿಲ್ಲಿಸಿ, ಮತ್ತೆ ಮತ್ತೆ ಕೀಲಿ ತಿರುಗಿಸಲು ಹೇಳಿ, ಅವರು ಚೋಕಿನ ತಂತಿಯನ್ನು ಮುಟ್ಟಿ ನೋಡಿದರು. ನನ್ನ ಕೈಯನ್ನೂ ಅಲ್ಲಿಡಿಸಿದರು. ತಂತಿ ಬೆಚ್ಚಗಿತ್ತು. ಚೋಕಿನ ತಂತಿಗೆ ವಿದ್ಯುತ್ತಿನೊಡನೆ ಯಾವ ವ್ಯವಹಾರವೂ ಇಲ್ಲ. ಹಾಗಿದ್ದರೂ ಅದು ಕಾದದ್ದೇಕೆ? ಎಂಜಿನ್ನು ರಬ್ಬರಿನ ಮೇಲೆ ಕುಳಿತಿರುತ್ತದೆ. ರಬ್ಬರಿನ ಮೂಲಕ ವಿದ್ಯುತ್ತು ಹರಿಯದು. ಆದ್ದರಿಂದ ಎಂಜಿನ್ನಿನಿಂದ ಗಾಡಿಯ ಮೈಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಕಟ್ಟಿರುತ್ತಾರೆ. ಅದೇ ಅರ್ತ್ ಪಟ್ಟಿ. ಸೆಲ್ಫು ನೂರು ಆಂಪಿಯರಿಗೂ ಮಿಗಿಲಾಗಿ ಎಳೆಯುತ್ತದೆ. ಅಷ್ಟೂ ಈ ಪಟ್ಟಿಯ ಮೂಲಕವೇ ಹಿಂದಿರುಗಬೇಕು. ಪಟ್ಟಿ ಸವೆದಿದ್ದರೆ ಕಂಡ ಕಂಡ ತಂತಿಯನ್ನು ಹಿಡಿದು ಹರಿಯಲು ನೋಡುತ್ತದೆ. ಹೆಡ್‌ಲೈಟುಗಳ ಅರ್ತ್ ಗಾಡಿಯ ಮೈಗೇ ಇದ್ದುದರಿಂದ ಅವು ಏನೂ ಅರಿಯದಂತೆ ಉರಿಯುತ್ತಿದ್ದವು. ಬಾನೆಟ್ಟಿನ ಕೆಳಗೆ ಬಗ್ಗಿ ನೋಡಿದರೆ, ಪಟ್ಟಿ ಹಸಿರು ಕಿಲುಬು ಹಿಡಿದು ನಾಲ್ಕಾರು ಎಳೆಗಳ ಮೇಲೆ ನಿಂತಿತ್ತು.

ಎಂಜಿನ್ನು ತಿರುಗುತ್ತಿದ್ದು ಹೊತ್ತಿಕೊಳ್ಳದೆ ಇದ್ದಿದ್ದರೆ ಅವರ ದಾರಿ ಬೇರೆಯಾಗುತ್ತಿತ್ತು ಎಂಬುದನ್ನು ಆ ದಿನವೇ ವಿವರಿಸಿದರು. ಪ್ಲಗ್ಗಿನ ತಂತಿಯನ್ನು ಲೋಹದ ಹತ್ತಿರ ಹಿಡಿದು ನೀಲಿ ಕಿಡಿ ಹಾರುತ್ತದೆಯೇ ನೋಡುವುದು. ಹಾರದಿದ್ದರೆ ಡೆಲ್ಕೊ ಮುಚ್ಚಳ ತೆಗೆದು, ಅರ್ಧ ಮಿಲಿಮೀಟರಿಗೂ ಕಡಿಮೆಯಿರಬೇಕಾದ ಪಾಯಿಂಟಿನ ಸಂದನ್ನು ಪರೀಕ್ಷಿಸುವುದು. ಕಿಡಿಯಿದ್ದರೆ ಪೆಟ್ರೋಲು ಕಾರ್ಬುರೇಟರನ್ನು ಮುಟ್ಟಿದೆಯೇ ಎಂದು ಹುಡುಕುವುದು. ಅಷ್ಟನ್ನು ನಾನು ಬರೆದಿಟ್ಟುಕೊಂಡೆ.

ಹೊಸ ಪಟ್ಟಿಗೆ ಹಣ ಕೊಟ್ಟುಬಿಡುತ್ತೇನೆಂದರೂ ಕೇಳದೆ, ಹಳೆಯ ಸಾಮಾನಿನ ಅಂಗಡಿಯಿಂದ ಒಂದನ್ನು ತಂದು, ತಿರುಪುಗಳಡಿಯ ಬಣ್ಣವನ್ನೂ ತುಕ್ಕನ್ನೂ ಉಜ್ಜಿ ಕಟ್ಟಿದರು. ಕೀಲಿ ತಿರುಗಿಸಿದೆ, ಒಂದೇ ಮಾತಿಗೆ ಓಗೊಟ್ಟಿತು. ಕೂಲಿಯ ಮಾತು ತೆಗೆದಾಗ ಅವರು ಕೇಳಿದ್ದು, ಬೆಂಗಳೂರಿನಲ್ಲಿ ಎಲ್ಲಿಯಾದರೂ ವಾಚ್‌ಮನ್ ಕೆಲಸವಿದೆಯೇ ಎಂದು. ಮುಂದೆ ಕೆಲವು ವರ್ಷ ಅವರನ್ನು ನಾನು ಕಾಣುತ್ತಿದ್ದುದು ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ, ಬೆಳಗಿನ ರೈಲಿನ ಕಿಟಕಿಯಲ್ಲಿ, ಊಟದ ಡಬ್ಬಿಯ ಜೊತೆಗೆ.

ಗಾಡಿಯನ್ನು ೨೦೧೧ರಲ್ಲಿ ಮಾರಿದೆ. ಕೊಂಡುಕೊಂಡ ಯುವಕನಿಗೆ ಕೀಲಿಕೈಯ ಜೊತೆಗೆ ಹ್ಯಾಂಡಲನ್ನೂ ಒಪ್ಪಿಸಿ, ಬಾನೆಟ್ಟು ತೆರೆದು ಅರ್ತ್ ಪಟ್ಟಿ ಎಲ್ಲಿದೆಯೆಂದು ತೋರಿಸಿದೆ.